ದೇವಿದತ್ತ ರಾಜ್ಯ: ಶಿವಮೊಗ್ಗ ಪ್ರದೇಶದ ಶಾಸನೈತಿಹ್ಯಗಳು ಮತ್ತು ಐರಿಷ್ ಪುರಾಣದ ರಾಜ್ಯಾಧಿದೇವತೆ

ಕರ್ನಾಟಕದ ಅರಸುಮನೆತನಗಳ ಉಗಮವನ್ನು ಕುರಿತ ಐತಿಹ್ಯಗಳನ್ನು ನಮ್ಮ ಇತಿಹಾಸಕಾರರು ಬಹುಮಟ್ಟಿಗೆ ಎರಡು ದೃಷ್ಟಿಗಳಿಂದ ನೋಡಿದ್ದಾರೆ. ಐತಿಹ್ಯದೊಳಗೆ ಅಡಗಿರಬಹುದಾದ ಚಾರಿತ್ರಿಕ ಅಂಶವನ್ನು ಹೆಕ್ಕಿ ತೆಗೆದು, ಉಳಿದುದನ್ನು ಕಲ್ಪನೆಯೆಂದು ಬದಿಗಿಡುವುದು ಒಂದು ದೃಷ್ಟಿ. ಜೈನ ಆಚಾರ್ಯರು ಅರಸರ ಮೇಲೆ ಹೊಂದಿದ್ದ ಪ್ರಭಾವಕ್ಕೆ ಅದನ್ನು ಸಾಕ್ಷ್ಯವನ್ನಾಗಿ ಬಳಸುವುದು ಇನ್ನೊಂದು. ಇವೆರಡೂ ಅಗತ್ಯವೇ ಆದರೂ ಮೂಲಭೂತವಾದ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅರಸನಿಗೆ ರಾಜ್ಯವನ್ನು ದೇವಿಯೇ ಏಕೆ ಕೊಡಬೇಕು? ಕೊಟ್ಟ ಮೇಲೆ ಅದಕ್ಕೆ ನಿಬಂಧನೆಗಳೇಕೆ? ಮನೆತನವು ಹುಟ್ಟಿ ಶತಮಾನಗಳು ಕಳೆದ ಮೇಲೆ ಆ ಕಥೆಯನ್ನು ಕಲ್ಲಿನ ಮೇಲೆ ವಿಸ್ತಾರವಾಗಿ ಕೆತ್ತಿಸಬೇಕಾದ ಪ್ರಸಂಗವೇನು? ಇಂದಿನ ಶಿವಮೊಗ್ಗ ಜಿಲ್ಲೆಯ ಶಾಸನಗಳು ಈ ಪ್ರಶ್ನೆಗಳ ವಿವೇಚನೆಗೆ ಉತ್ತಮ ಆಕರಗಳಾಗಿವೆ. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಿಂದ ಅವು ವಿದ್ವಾಂಸರಿಗೆ ಲಭ್ಯವಾದವು. ಪ್ರಸ್ತುತ ಲೇಖನದಲ್ಲಿ ಆ ಶಾಸನಗಳ ಐತಿಹ್ಯವನ್ನು ಐರ್ಲೆಂಡಿನ ಪ್ರಾಚೀನ ಕಥನಪರಂಪರೆಯ ಜೊತೆಗಿಟ್ಟು ಪರಿಶೀಲಿಸಲಾಗಿದೆ. ರಾಜ್ಯವನ್ನು ದಯಪಾಲಿಸುವ ದೇವಿಯ ಕಲ್ಪನೆ ಅಲ್ಲಿ ಅತ್ಯಂತ ಸ್ಪಷ್ಟವಾಗಿ ಬೆಳೆದಿರುವುದೇ ಈ ಹೋಲಿಕೆಗೆ ಕಾರಣ.

ಐರಿಷ್ ಪರಂಪರೆಯ ರಾಜ್ಯಾಧಿದೇವತೆ

ಐರಿಷ್ ಪುರಾಣದಲ್ಲಿ ಭೂಮಿ, ರಾಜ್ಯ ಮತ್ತು ದೇವಿ ಎಂಬ ಮೂರು ಕಲ್ಪನೆಗಳು ಒಂದರೊಳಗೊಂದು ಬೆರೆತಿವೆ. ಹನ್ನೊಂದನೆಯ ಶತಮಾನದಲ್ಲಿ ಸಂಕಲಿತವಾದ 'ಲೆಬೊರ್ ಗಬಾಲ' ಎಂಬ ಆಕ್ರಮಣಗಳ ಗ್ರಂಥದ ಪ್ರಕಾರ, ಆ ದ್ವೀಪಕ್ಕೆ ಬಂದಿಳಿದ ಹೊಸ ಜನರನ್ನು ಏರಿಯು, ಬನ್ಬಾ ಮತ್ತು ಫೋಡ್ಲಾ ಎಂಬ ಮೂವರು ರಾಣಿಯರು ಎದುರುಗೊಳ್ಳುತ್ತಾರೆ. ನಾಡಿಗೆ ತನ್ನ ಹೆಸರಿಡಬೇಕೆಂದು ಪ್ರತಿಯೊಬ್ಬಳೂ ಕೇಳುತ್ತಾಳೆ. ಏರಿಯುವಿನ ಹೆಸರೇ ಇಂದಿಗೂ ಆ ದೇಶದ ಹೆಸರಾಗಿ ನಿಂತಿದೆ. ಅಲ್ಲಿನ ನದಿಗಳೂ ಹೆಣ್ಣುದೈವಗಳೇ. ಬಾಯ್ನ್ ನದಿಗೆ ಬೋವನ್, ಶಾನನ್ ನದಿಗೆ ಸಿನನ್ ಎಂಬ ದೇವಿಯರ ಕಥೆಗಳಿವೆ. ತುಂಗೆ ಭದ್ರೆಯರನ್ನು ವರಾಹನ ದಾಡೆಗಳಿಂದ ಉದ್ಭವಿಸಿದ ಪುಣ್ಯನದಿಗಳೆಂದು ನಂಬಿ, ಅವು ಕೂಡುವ ಕೂಡಲಿಯನ್ನು ಕ್ಷೇತ್ರವೆಂದು ಆರಾಧಿಸುವ ನಮ್ಮ ಭಾಗದ ಓದುಗರಿಗೆ ಇದು ಅಪರಿಚಿತವಾದ ಭಾವನೆಯಲ್ಲ. ಬೆಂಕಿಪುರವೆಂಬ ಹಳೆಯ ಊರು ಭದ್ರೆಯ ಹೆಸರನ್ನು ಹೊತ್ತು ಭದ್ರಾವತಿಯಾಗಿರುವುದನ್ನೂ ಇಲ್ಲಿ ನೆನೆಯಬಹುದು.

ಐರಿಷ್ ಕಲ್ಪನೆಯ ವಿಶೇಷವಿರುವುದು ಅರಸನಿಗೂ ಈ ದೇವಿಗೂ ಇರುವ ಸಂಬಂಧದಲ್ಲಿ. ಅರಸನ ಪಟ್ಟಾಭಿಷೇಕವೆಂದರೆ ರಾಜ್ಯವೆಂಬ ದೇವಿಯೊಡನೆ ಅವನ ವಿವಾಹ. ವಧು ವರನಿಗೆ ಪಾನೀಯವನ್ನು ನೀಡುವುದು ಅದರ ಮುಖ್ಯ ಲಕ್ಷಣ. ಕೊನಾಕ್ಟ್ ಪ್ರಾಂತ್ಯದ ಪ್ರಸಿದ್ಧ ರಾಣಿ ಮೇವ್ ಎಂಬವಳ ಹೆಸರು ಮದ್ಯವನ್ನು ಸೂಚಿಸುವ ಪ್ರಾಚೀನ ಧಾತುವಿನಿಂದ ಬಂದುದು. ಅದು ಸಂಸ್ಕೃತದ 'ಮಧು' ಶಬ್ದಕ್ಕೆ ಜ್ಞಾತಿ. ಒಬ್ಬರ ಅನಂತರ ಒಬ್ಬರಂತೆ ಹಲವು ಅರಸರನ್ನು ವರಿಸುವ ಅವಳು ಮೂಲತಃ ರಾಜ್ಯಾಧಿದೇವತೆಯೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಈ ಕಲ್ಪನೆಯ ಪೂರ್ಣರೂಪ ನಿಯಾಲ್ ಎಂಬ ಅರಸನ ಕಥೆಯಲ್ಲಿದೆ. ನಿಯಾಲನು ಸೆರೆಯಾಳಾಗಿದ್ದ ಹೆಣ್ಣಿನ ಮಗ; ಮಲತಾಯಿಯ ಹಗೆಗೆ ಗುರಿಯಾಗಿ ಅರಮನೆಯ ಹೊರಗೆ ಕವಿಯೊಬ್ಬನ ಆಶ್ರಯದಲ್ಲಿ ಬೆಳೆದವನು. ಒಮ್ಮೆ ಐವರು ಸೋದರರು ಬೇಟೆಗೆ ಹೋಗಿ ಬಾಯಾರುತ್ತಾರೆ. ಬಾವಿಯನ್ನು ಕಾಯುತ್ತಿದ್ದ ವಿಕಾರರೂಪದ ಮುದುಕಿಯೊಬ್ಬಳು ನೀರಿಗೆ ಪ್ರತಿಯಾಗಿ ಮುತ್ತು ಕೇಳುತ್ತಾಳೆ. ಉಳಿದವರು ಹೇಸಿ ಹಿಂದೆ ಸರಿಯುತ್ತಾರೆ. ನಿಯಾಲನು ಅವಳನ್ನು ಅಪ್ಪಿಕೊಳ್ಳಲು ಅವಳು ದಿವ್ಯಸುಂದರಿಯಾಗಿ, ತಾನೇ ರಾಜ್ಯವೆಂದು ಹೇಳಿ, ಅವನ ಸಂತತಿಗೆ ಟಾರಾ ಬೆಟ್ಟದ ಒಡೆತನವನ್ನು ಅನುಗ್ರಹಿಸುತ್ತಾಳೆ. ಟಾರಾದಲ್ಲಿ ಲಿಯಾ ಫಾಲ್ ಎಂಬ ಕಲ್ಲಿದ್ದು, ನ್ಯಾಯವಾದ ಅರಸನು ಅದನ್ನು ಮೆಟ್ಟಿದಾಗ ಅದು ಕೂಗುತ್ತಿತ್ತೆಂಬುದು ಇನ್ನೊಂದು ನಂಬಿಕೆ.

ಹೀಗೆ ದೊರೆತ ರಾಜ್ಯ ನಿರ್ಬಾಧಿತವಾದುದಲ್ಲ. ಅರಸನ ಮೇಲೆ 'ಗೆಶ್' ಎಂಬ ನಿಷೇಧಗಳಿರುತ್ತವೆ. ಅವನ್ನು ಮೀರಿದರೆ ನಾಶ ತಪ್ಪದು. ಕೊನಾರೆ ಎಂಬ ಅರಸನು ತನ್ನ ನಿಷೇಧಗಳನ್ನು ಒಂದೊಂದಾಗಿ ಮುರಿಯುತ್ತ ಮರಣದ ಕಡೆಗೆ ನಡೆಯುವುದೇ ಒಂದು ಪ್ರಸಿದ್ಧ ಕಥೆಯ ವಸ್ತು. ಬ್ರೆಸ್ ಎಂಬವನು ಅತಿಥಿಸತ್ಕಾರವನ್ನು ಮರೆತು ಜಿಪುಣನಾದ ತಪ್ಪಿಗೆ ಪಟ್ಟವನ್ನು ಕಳೆದುಕೊಂಡನು. ಕ್ರಿ.ಶ. 700ರ ಸುಮಾರಿನ 'ಔದಖ್ತ್ ಮೋರನ್' ಎಂಬ ರಾಜನೀತಿಯ ಕೃತಿಯು, ಅರಸನ ಸತ್ಯದಿಂದಲೇ ಬೆಳೆ, ಹಯನು ಮತ್ತು ಮೀನಿನ ಸಮೃದ್ಧಿಯುಂಟಾಗುತ್ತದೆಂದು ಸಾರುತ್ತದೆ.

ಮಂಡಲಿಯ ಗಂಗರು: ಪದ್ಮಾವತಿಯ ಖಡ್ಗ

ಇದೇ ಬಗೆಯ ಕಥನವು ಶಿವಮೊಗ್ಗ ತಾಲ್ಲೂಕಿನ ಎರಡು ಶಾಸನಗಳಲ್ಲಿ ದೊರೆಯುತ್ತದೆ. ಒಂದು ಕ್ರಿ.ಶ. 1121ರ ಕಲ್ಲೂರುಗುಡ್ಡದ ಶಾಸನ. ಮತ್ತೊಂದು ಶಿವಮೊಗ್ಗ ನಗರಕ್ಕೆ ಹೊಂದಿಕೊಂಡಿರುವ ಪುರಲೆಯದು, ಅದೂ ಹನ್ನೆರಡನೆಯ ಶತಮಾನಕ್ಕೆ ಸೇರಿದೆ. ಇವು ಮಂಡಲಿ ಸಾಸಿರವನ್ನು ಆಳುತ್ತಿದ್ದ ಗಂಗರ ಶಾಖೆಗೆ ಸಂಬಂಧಿಸಿದವು. ಮಂಡಲಿಯೆಂಬ ಹೆಸರು ಶಿವಮೊಗ್ಗ ನಗರದ ಮಂಡ್ಲಿಯಲ್ಲಿ ಇಂದಿಗೂ ಉಳಿದಿದೆ.

ಕಲ್ಲೂರುಗುಡ್ಡದ ಶಾಸನದ ಕಥೆ ಹೀಗಿದೆ. ಇಕ್ಷ್ವಾಕು ವಂಶದ ಪದ್ಮನಾಭನೆಂಬ ಅರಸನ ಮೇಲೆ ಉಜ್ಜಯಿನಿಯ ಮಹೀಪಾಲನು ದಂಡೆತ್ತಿ ಬಂದನು. ಆಗ ಪದ್ಮನಾಭನು ದಡಿಗ ಮತ್ತು ಮಾಧವರೆಂಬ ಮಕ್ಕಳನ್ನು ಅವರ ತಂಗಿಯೊಡನೆ ದಕ್ಷಿಣಕ್ಕೆ ಕಳುಹಿಸಿದನು. ಅವರು ಪೇರೂರಿಗೆ ಬಂದು ಸಿಂಹನಂದಿ ಆಚಾರ್ಯರನ್ನು ಕಂಡರು. ಆಚಾರ್ಯರು ಪದ್ಮಾವತಿಯನ್ನು ಆರಾಧಿಸಿ, ಅವಳಿಂದ ಖಡ್ಗವನ್ನೂ ರಾಜ್ಯವನ್ನೂ ಅವರಿಗೆ ದೊರಕಿಸಿದರು. ಮಾಧವನು ಆ ಖಡ್ಗದಿಂದ ಕಲ್ಲಿನ ಕಂಬವನ್ನು ಹೊಡೆಯಲು ಅದು ತುಂಡಾಯಿತು. ಆಚಾರ್ಯರು ಕರ್ಣಿಕಾರದ ಎಸಳುಗಳಿಂದ ಪಟ್ಟವನ್ನು ಕಟ್ಟಿ, ಅಕ್ಷತೆಯಿಟ್ಟು ಹರಸಿ, ತಮ್ಮ ನವಿಲುಗರಿಯ ಕುಂಚವನ್ನೇ ಧ್ವಜವಾಗಿ ಕೊಟ್ಟರು.

ಅದರ ಬೆನ್ನಿಗೇ ನಿಬಂಧನೆಗಳು ಬರುತ್ತವೆ. ನುಡಿದಂತೆ ನಡೆಯದಿದ್ದರೆ, ಜಿನಶಾಸನಕ್ಕೆ ವಿಮುಖರಾದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಹೀನರ ಸಂಗ ಮಾಡಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿಸಿದರೆ ವಂಶವು ಕೆಡುವುದೆಂಬುದು ಅವುಗಳ ಸಾರಾಂಶ. ಬ್ರೆಸ್‌ನ ಪಟ್ಟವನ್ನು ಕಳೆದ ಜಿಪುಣತನವು ಇಲ್ಲಿಯೂ ವಂಶನಾಶದ ಕಾರಣಗಳಲ್ಲಿ ಒಂದಾಗಿರುವುದು ಗಮನಾರ್ಹ. ಕಲ್ಲು ಅರಸನನ್ನು ಗುರುತಿಸುವ ಆಶಯವೂ ಎರಡೂ ಕಡೆ ಇದೆ. ಟಾರಾದ ಕಲ್ಲು ಕೂಗುತ್ತದೆ, ಪೇರೂರಿನ ಕಲ್ಲು ಒಡೆಯುತ್ತದೆ.

ಈ ಕಥೆಯ ಬೆಳವಣಿಗೆಯ ಕಾಲಾನುಕ್ರಮವನ್ನು ಗಮನಿಸಬೇಕು. ಗಂಗರ ಪ್ರಾಚೀನ ತಾಮ್ರಶಾಸನಗಳಲ್ಲಿ ಮೂಲಪುರುಷ ಕೊಂಗಣಿವರ್ಮನು ಒಂದೇ ಹೊಡೆತಕ್ಕೆ ಶಿಲಾಸ್ತಂಭವನ್ನು ಕಡಿದ ಪ್ರಶಂಸೆ ಮಾತ್ರ ಇದೆ, ಅಲ್ಲಿ ಪದ್ಮಾವತಿಯಿಲ್ಲ. ಹತ್ತನೆಯ ಶತಮಾನದ ಹೊತ್ತಿಗೆ ಸಿಂಹನಂದಿಯ ಹೆಸರು ವಂಶದ ಅಭ್ಯುದಯದೊಡನೆ ಸೇರಿಕೊಳ್ಳುತ್ತದೆ. ದೇವಿ, ಖಡ್ಗ, ಪಟ್ಟ, ಧ್ವಜ ಮತ್ತು ನಿಬಂಧನೆಗಳಿಂದ ಕೂಡಿದ ವಿಸ್ತೃತ ಕಥೆ ಕಾಣಿಸಿಕೊಳ್ಳುವುದು ಹನ್ನೆರಡನೆಯ ಶತಮಾನದ ಈ ಶಾಸನಗಳಲ್ಲಿ. ಅಷ್ಟರಲ್ಲಿ ಗಂಗರ ದೊಡ್ಡ ರಾಜ್ಯ ಅಳಿದುಹೋಗಿತ್ತು. ಸುಮಾರು 1004ರಲ್ಲಿ ತಲಕಾಡು ಚೋಳರ ವಶವಾಯಿತು. 1116ರಲ್ಲಿ ಅದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು 'ತಲಕಾಡುಗೊಂಡ' ಎಂಬ ಬಿರುದನ್ನು ಧರಿಸಿದನು. ಪೂರ್ವಿಕರ ರಾಜಧಾನಿಯ ಹೆಸರು ಅನ್ಯರ ಬಿರುದಾದ ಐದೇ ವರ್ಷಗಳಲ್ಲಿ, ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಉಳಿದಿದ್ದ ಮಂಡಲಿಯ ಗಂಗರು ತಮಗೆ ರಾಜ್ಯವನ್ನು ಕೊಟ್ಟವಳು ಪದ್ಮಾವತಿಯೆಂದು ಕಲ್ಲಿನಲ್ಲಿ ಬರೆಸಿದರು. ಮಂಡಲಿಯ ಬೆಟ್ಟದ ಬಸದಿಯನ್ನು ದಡಿಗ ಮಾಧವರೇ ಸ್ಥಾಪಿಸಿದರೆಂದು ಅದೇ ಶಾಸನ ಹೇಳುವುದರಿಂದ, ದೂರದ ಪೇರೂರಿನ ಕಥೆ ತುಂಗೆಯ ದಡಕ್ಕೆ ಬಂದು ನೆಲೆಗೊಂಡಂತಾಯಿತು.

ಐರ್ಲೆಂಡಿನಲ್ಲಿಯೂ ಪರಿಸ್ಥಿತಿ ಇದಕ್ಕೆ ಸಮಾನವಾಗಿತ್ತೆಂಬುದು ಕುತೂಹಲಕರ. ನಿಯಾಲನ ವಂಶಜರು ಶತಮಾನಗಳಿಂದ ಅನುಭವಿಸುತ್ತ ಬಂದಿದ್ದ ಟಾರಾದ ಹಿರಿಮೆಯು 1002ರಲ್ಲಿ ಬ್ರಿಯಾನ್ ಬೋರು ಎಂಬ ಬೇರೆ ಮನೆತನದ ಅರಸನ ಪಾಲಾಯಿತು. ಬಾವಿಯ ಬಳಿಯ ಮುದುಕಿಯ ಕಥೆಯನ್ನು ಹೇಳುವ ಪದ್ಯವೊಂದು, ನಿಯಾಲನ ವಂಶದ ಅರಸ ಮೇಲ್ ಶೆಖ್ಲನ್‌ನ ಆಸ್ಥಾನಕವಿಯಾಗಿದ್ದು 1024ರಲ್ಲಿ ಮಡಿದ ಕುವಾನ್ ಎಂಬವನ ಹೆಸರಿನಲ್ಲಿದೆ. ಒಂದರ ಅರಿವು ಇನ್ನೊಂದಕ್ಕಿಲ್ಲದ ಎರಡು ನಾಡುಗಳಲ್ಲಿ, ಹಳೆಯ ಮನೆತನದ ಕೈಯಿಂದ ರಾಜ್ಯ ಜಾರಿದ ಮೇಲೆ ದೇವಿಯ ವರದ ಕಥೆ ವಿಸ್ತಾರ ಪಡೆಯಿತು.

ಹೊಂಬುಜದ ಲೊಕ್ಕಿಯಬ್ಬೆ

ಹೊಸನಗರ ತಾಲ್ಲೂಕಿನ ಹೊಂಬುಜದಿಂದ ಸಾಂತಳಿಗೆ ಸಾಸಿರವನ್ನು ಆಳಿದ ಸಾಂತರರ ಐತಿಹ್ಯವು ಇದಕ್ಕೆ ಪೂರಕವಾಗಿದೆ. ಹನ್ನೊಂದನೆಯ ಶತಮಾನದ ಹೊಂಬುಜದ ಶಾಸನಗಳ ಪ್ರಕಾರ, ಉತ್ತರ ಮಧುರೆಯ ಉಗ್ರವಂಶದ ಜಿನದತ್ತನು ನರಭಕ್ಷಕನಾದ ತಂದೆಯನ್ನು ತೊರೆದು ದಕ್ಷಿಣಕ್ಕೆ ಬಂದನು. ಸಿಂಹರಥನನ್ನು ಕೊಂದುದಕ್ಕೆ ಮೆಚ್ಚಿ ಜಕ್ಕಿಯಬ್ಬೆ ಅವನಿಗೆ ಸಿಂಹಲಾಂಛನವನ್ನು ಕೊಟ್ಟಳು. ಅಂಧಕಾಸುರ, ಕನಕಾಸುರರನ್ನು ಗೆದ್ದ ಮೇಲೆ ಪದ್ಮಾವತಿಯು ಪ್ರಸನ್ನಳಾಗಿ ಲೊಕ್ಕಿಯ ಮರದಲ್ಲಿ ನೆಲೆಸಿ, ಲೊಕ್ಕಿಯಬ್ಬೆಯೆಂಬ ಹೆಸರಿನಿಂದ ಅವನಿಗೆ ಪೊಂಬುಚ್ಚವನ್ನು ರಾಜಧಾನಿಯನ್ನಾಗಿ ಮಾಡಿಕೊಟ್ಟಳು. ಲೊಕ್ಕಿ ಈ ಭಾಗದಲ್ಲಿ ಸಾಮಾನ್ಯವಾಗಿ ಬೆಳೆಯುವ ಗಿಡ. 'ಅಬ್ಬೆ' ಎಂಬುದು ತಾಯಿ ಎಂಬರ್ಥದ ಅಚ್ಚಗನ್ನಡ ಪದ. ಶಾಸ್ತ್ರೋಕ್ತ ಯಕ್ಷಿಯಾದ ಪದ್ಮಾವತಿ ನೆಲದ ಗಿಡವನ್ನು ಆಶ್ರಯಿಸಿ, ನೆಲದ ಹೆಸರನ್ನು ಪಡೆದ ಅನಂತರವೇ ರಾಜ್ಯವನ್ನು ಕೊಟ್ಟಳೆಂಬಲ್ಲಿ, ಅಲ್ಲಿ ಮೊದಲೇ ಆರಾಧನೆ ಪಡೆಯುತ್ತಿದ್ದ ವೃಕ್ಷದೇವತೆಯೊಬ್ಬಳ ನೆನಪು ಇರುವಂತೆ ತೋರುತ್ತದೆ.

ಐತಿಹ್ಯದ ಮುಂದಿನ ರೂಪಗಳಲ್ಲಿ ಮಲತಾಯಿಯ ಸಂಚು, ದೇವಿಯ ಮೂರ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಕುದುರೆಯೇರಿ ಬರುವ ರಾಜಕುಮಾರ, ಕಬ್ಬಿಣವನ್ನು ಹೊನ್ನಾಗಿಸುವ ಮೂರ್ತಿ ಮುಂತಾದ ಅಂಶಗಳು ಸೇರಿಕೊಂಡಿವೆ. ಕ್ಷೇತ್ರದಲ್ಲಿ ಹೇಳುವ ಒಂದು ಪಾಠದಂತೆ, ಜಿನದತ್ತನು ತನಗೆ ದೊರೆತ ಎರಡು ಮುತ್ತುಗಳಲ್ಲಿ ಉತ್ತಮವಾದುದನ್ನು ರಾಣಿಗೆ ಕೊಟ್ಟು, ಕುಂದುಳ್ಳದ್ದನ್ನು ದೇವಿಗೆ ಅರ್ಪಿಸಿದನು. ಆ ತಪ್ಪಿಗಾಗಿ ದೇವಿ ತನ್ನ ಪ್ರತ್ಯಕ್ಷ ಅನುಗ್ರಹವನ್ನು ಹಿಂತೆಗೆದುಕೊಂಡಳು. ಕೊಟ್ಟವಳು ಹಿಂದಕ್ಕೆ ಪಡೆಯಲೂ ಬಲ್ಲಳೆಂಬ ಎಚ್ಚರಿಕೆ ಇಲ್ಲಿಯೂ ಇದೆ. ಹೊಂಬುಜದ ಮುತ್ತಿನಕೆರೆ ಬತ್ತುವುದಿಲ್ಲ, ಲಕ್ಕಿಯ ಮರ ಬಾಡುವುದಿಲ್ಲ ಎಂಬ ಭಕ್ತರ ನಂಬಿಕೆಯನ್ನು, ದೇವಿ ಇನ್ನೂ ಅಲ್ಲಿಯೇ ಇದ್ದಾಳೆಂಬುದರ ಕುರುಹಾಗಿ ಅರ್ಥೈಸಬೇಕು.

ಈ ಐತಿಹ್ಯವನ್ನು ಹೇಳಿಸಿದ ಕಾಲದಲ್ಲಿ ಹೊಂಬುಜದ ಅರಮನೆಯ ಸ್ಥಿತಿ ಹೇಗಿತ್ತೆಂಬುದನ್ನೂ ನೋಡಬೇಕು. 1077ರಲ್ಲಿ 'ಉರ್ವೀತಿಲಕ'ವೆಂದು ಹೆಸರಾದ ಪಂಚಬಸದಿಯನ್ನು ಕಟ್ಟಿಸಿದವಳು ಚಟ್ಟಲದೇವಿ. ಗಂಗ ಮನೆತನದಲ್ಲಿ ಹುಟ್ಟಿದ ಈಕೆ, ತಾಯ್ತಂದೆಯರಿಲ್ಲದ ತನ್ನ ಸೋದರಿಯ ಮಕ್ಕಳಾದ ತೈಲ, ಗೊಗ್ಗಿಗ, ಒಡ್ಡುಗ ಮತ್ತು ಬರ್ಮರನ್ನು ತನ್ನ ಮಕ್ಕಳಂತೆ ಸಾಕಿದಳು. ತಂದೆಯ ಆಸರೆ ಕಳೆದುಕೊಂಡ ರಾಜಪುತ್ರನನ್ನು ತಾಯಿಯಾದ ದೇವಿ ಕಾಯ್ದು ರಾಜ್ಯಕ್ಕೆ ನಿಲ್ಲಿಸಿದಳೆಂಬ ಕಥೆ, ಅಂಥದೇ ಮಕ್ಕಳನ್ನು ತಾಯಿಯಂತೆ ಕಾಯ್ದ ಹೆಣ್ಣಿನ ಕಾಲದಲ್ಲಿ ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಂಗರ ಮತ್ತು ಸಾಂತರರ ಐತಿಹ್ಯಗಳೆರಡರಲ್ಲಿಯೂ ಪದ್ಮಾವತಿಯೇ ವರದಾಯಿನಿಯಾಗಿರುವುದನ್ನು ಪರಿಶೀಲಿಸುವಾಗ, ಜೈನಧರ್ಮದ ಸಾಮಾನ್ಯ ಪ್ರಭಾವದ ಜೊತೆಗೆ ಎರಡೂ ಮನೆತನಗಳನ್ನು ಬೆಸೆದ ಇಂತಹ ಸ್ತ್ರೀಯರ ಪಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಾಸಂತಿಕೆ ಮತ್ತು ಕೆಳದಿಯ ಖಡ್ಗ

ಹೊಯ್ಸಳರ ಸಳನ ಕಥೆ ಎಲ್ಲರಿಗೂ ತಿಳಿದುದೇ. ಭದ್ರಾವತಿಯಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಶೈಲಿಯ ತ್ರಿಕೂಟ ದೇವಾಲಯವಾದ ಲಕ್ಷ್ಮೀನರಸಿಂಹ ಗುಡಿಯಿದ್ದು, ಆ ಅರಸರ ಪ್ರಭಾವ ಈ ಭಾಗದಲ್ಲಿ ಬೇರೂರಿದುದಕ್ಕೆ ಸಾಕ್ಷಿಯಾಗಿದೆ. ಸೊಸೆವೂರಿನ ವಾಸಂತಿಕೆಯ ಸನ್ನಿಧಿಯಲ್ಲಿ ಮುನಿಯ ಆಣತಿಯಂತೆ ಸಳನು ಹುಲಿಯನ್ನು ಹೊಡೆದನೆಂಬುದು ಅದರ ತಿರುಳು. ಕೆಲವು ಶಾಸನಗಳಲ್ಲಿ, ಮುನಿಯು ಅರಸನ ಅಭ್ಯುದಯಕ್ಕಾಗಿ ದೇವಿಯನ್ನು ಮಂತ್ರದಿಂದ ಸಾಧಿಸುತ್ತಿದ್ದಾಗ ಅದಕ್ಕೆ ಭಂಗ ತರಲು ಹುಲಿ ಹಾರಿಬಂತೆಂದಿದೆ. ನಿಯಾಲನ ಕಥೆಯಲ್ಲಿ ಮುದುಕಿಯ ವಿಕಾರರೂಪ ಹೇಗೋ, ಇಲ್ಲಿ ಹುಲಿಯ ಭಯಂಕರತೆ ಹಾಗೆ: ರಾಜ್ಯಕ್ಕೆ ಮುನ್ನ ಒಡ್ಡಿದ ಪರೀಕ್ಷೆ. ಹಳೆಯ ಮನೆತನ ಕುಸಿದಾಗ ಮಾತ್ರವಲ್ಲದೆ, ಹೊಸ ಮನೆತನವೊಂದು ಮೇಲೇಳುವಾಗಲೂ ದೇವಿಯ ವರ ಅಗತ್ಯವಾಗುತ್ತದೆಂಬುದನ್ನು ಹೊಯ್ಸಳರ ಉದಾಹರಣೆ ತೋರಿಸುತ್ತದೆ.

1500ರ ಸುಮಾರಿಗೆ ತಲೆಯೆತ್ತಿದ ಕೆಳದಿಯ ಅರಸರ ಐತಿಹ್ಯದಲ್ಲಿ ದೇವಿಯ ಸ್ಥಾನಕ್ಕೆ ಹುತ್ತದೊಳಗಿನ ರಾಮೇಶ್ವರಲಿಂಗ ಬಂದಿದೆ. ಆದರೆ ನೆಲದಿಂದಲೇ ಖಡ್ಗವೂ ನಿಧಿಯೂ ದೊರೆಯುವ ಆಶಯ ಮುಂದುವರಿದಿದೆ. ಚೌಡಪ್ಪ ಭದ್ರಪ್ಪರಿಗೆ ನಿಧಿ ದಕ್ಕಬೇಕಾದರೆ ನರಬಲಿ ಅಗತ್ಯವಾದಾಗ, ಅವರ ಆಳುಗಳಾದ ಎಡವ ಮತ್ತು ಮುರಾರಿ ತಾವಾಗಿಯೇ ಪ್ರಾಣವನ್ನೊಪ್ಪಿಸಿದರೆಂದು ಕಥೆ. 'ಎಡವಮುರಾರಿ' ಎಂಬುದು ಕೆಳದಿ ಅರಸರ ಬಿರುದಾವಳಿಯಲ್ಲಿ ಸೇರಿರುವುದರಿಂದ, ಬಿರುದಿನ ವಿವರಣೆಗಾಗಿ ಕಥೆ ಹುಟ್ಟಿರಲೂಬಹುದು. ಹಾಗಾದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಗಂಗರ ಕಥೆಯಲ್ಲಿ ರಾಜ್ಯದ ಬೆಲೆಯನ್ನು ಅರಸನು ತನ್ನ ನಡತೆಯಿಂದ ತೆರಬೇಕು. ಕೆಳದಿಯ ಕಥೆಯಲ್ಲಿ ಅದನ್ನು ತೆತ್ತವರು ಆಳುಗಳು.

ಸಾಮ್ಯದ ಸ್ವರೂಪ

ಈ ಸಾಮ್ಯಗಳಿಗೆ ಮೂಲ ಯಾವುದು? ಇಂಡೋ-ಯುರೋಪಿಯನ್ ಭಾಷಿಕರ ಸಮಾನ ಪರಂಪರೆಯೆಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಮೈಲ್ಸ್ ಡಿಲನ್ ಅವರು 1947ರಲ್ಲಿ ಐರಿಷ್ ಕಥೆಗಳ ಸತ್ಯವಚನವನ್ನು ಭಾರತೀಯ ಸತ್ಯಕ್ರಿಯೆಯೊಡನೆ ಹೋಲಿಸಿದರು. ಜಾರ್ಜ್ ದುಮೆಜಿಲ್ ಅವರು ಮಹಾಭಾರತದ ಉದ್ಯೋಗಪರ್ವದಲ್ಲಿ ಹಲವು ಅರಸರನ್ನು ಸೇರುವ ಯಯಾತಿಯ ಮಗಳು ಮಾಧವಿಯಲ್ಲಿ ಮೇವ್ ರಾಣಿಯ ಪ್ರತಿರೂಪವನ್ನು ಕಂಡರು. ಆನಂದ ಕುಮಾರಸ್ವಾಮಿಯವರು 1945ರಲ್ಲಿ ವಿಕಾರರೂಪದ ವಧುವಿನ ಆಶಯವನ್ನು ಶ್ರೀದೇವಿಯ ಕಲ್ಪನೆಯೊಡನೆ ಜೋಡಿಸಿದರು. ಅಧರ್ಮಿಯಾದ ಅರಸನನ್ನು ರಾಜ್ಯಲಕ್ಷ್ಮಿ ತೊರೆಯುತ್ತಾಳೆಂಬ ಭಾವನೆ ನಮ್ಮ ಪುರಾಣಗಳಲ್ಲಿ ವ್ಯಾಪಕವಾಗಿದೆ. ಆದರೆ ಈ ಉತ್ತರ ಮಾಧವಿಗೆ ಒಪ್ಪಿದಷ್ಟು ಲೊಕ್ಕಿಯಬ್ಬೆಗೆ ಒಪ್ಪುವುದಿಲ್ಲ. ಕನ್ನಡ ನೆಲದ ಅಬ್ಬೆ, ಜೈನರ ಯಕ್ಷಿ ಮತ್ತು ಸಾಮಂತ ಅರಸನ ಅಗತ್ಯ ಇವು ಮೂರೂ ಕೂಡಿ ಅವಳು ರೂಪುಗೊಂಡಿದ್ದಾಳೆ.

ಭೇದಗಳೂ ಮುಖ್ಯವಾದವು. ಐರ್ಲೆಂಡಿನಲ್ಲಿ ದೇವಿ ವಧು. ಶಿವಮೊಗ್ಗದ ಪ್ರದೇಶದಲ್ಲಿ ತಾಯಿ, ಕುಲದೇವತೆ. ಅಲ್ಲಿ ಅರಸನು ಅವಳನ್ನು ನೇರವಾಗಿ ಎದುರುಗೊಳ್ಳುತ್ತಾನೆ. ಗಂಗರ ಮತ್ತು ಹೊಯ್ಸಳರ ಕಥೆಗಳಲ್ಲಿ ಇಬ್ಬರ ನಡುವೆ ಮುನಿಯಿದ್ದಾನೆ. ಮಧು ನಿಯಾಲನ ನಾಡಿನಲ್ಲಿ ಪಟ್ಟದ ಕುರುಹಾದರೆ, ಸಿಂಹನಂದಿಯ ನಿಬಂಧನೆಗಳಲ್ಲಿ ಪಟ್ಟವನ್ನು ಕಳೆಯುವ ದೋಷ. ಐರಿಷ್ ಕಥೆಗಳನ್ನು ಕ್ರೈಸ್ತ ಮಠಗಳ ಪಂಡಿತರು ಹಸ್ತಪ್ರತಿಗಳಲ್ಲಿ ಬರೆದರು. ನಮ್ಮವು ದಾನಶಾಸನಗಳ ಪೀಠಿಕೆಗಳಾಗಿವೆ. ಕಥೆ ಮುಗಿಯುವುದು ಬಸದಿಗೆ ಬಿಟ್ಟ ಭೂಮಿಯ ಎಲ್ಲೆಗಳ ವಿವರದಲ್ಲಿ. ದೇವಿ ಅರಸನಿಗೆ ಕೊಟ್ಟಳು, ಆದ್ದರಿಂದ ಅರಸನು ದೇವಿಯ ನೆಲೆಗೆ ಕೊಡಬೇಕು ಎಂಬ ಋಣದ ತರ್ಕ ಇಲ್ಲಿದೆ.

ಉಪಸಂಹಾರ

ಸಾಂತರರ ಬಿರುದಾವಳಿಯಲ್ಲಿ 'ಪದ್ಮಾವತೀಲಬ್ಧವರಪ್ರಸಾದ', ಹೊಯ್ಸಳರದರಲ್ಲಿ 'ವಾಸಂತಿಕಾದೇವೀಲಬ್ಧವರಪ್ರಸಾದ' ಎಂಬ ವಿಶೇಷಣಗಳಿವೆ. ಇವನ್ನು ಕೇವಲ ಭಕ್ತಿಯ ಮಾತೆಂದು ತಿಳಿಯಲಾಗದು. ಶಾಸನದ ಆರಂಭದಲ್ಲಿ ಚಾಲುಕ್ಯ ಚಕ್ರವರ್ತಿಯ ಹೆಸರನ್ನು ಹೇಳಿ ಅವನ ಪಾದಸೇವಕನೆಂದು ಒಪ್ಪಿಕೊಳ್ಳುವ ಸಾಮಂತನು, ಮುಂದಿನ ಸಾಲುಗಳಲ್ಲಿ ತನ್ನ ರಾಜ್ಯ ದೇವಿಯಿಂದ ಬಂದುದೆಂದು ಸಾರುತ್ತಾನೆ. ಚಕ್ರವರ್ತಿ ಕೊಡದುದನ್ನು ಚಕ್ರವರ್ತಿ ಕಸಿಯಲೂ ಆಗದೆಂಬುದು ಅದರ ಧ್ವನಿ. ಆದರೆ ಮೇಲಿನವರ ಅಧಿಕಾರಕ್ಕೆ ಮಿತಿ ಹಾಕಿದ ಈ ವಾದವೇ ಅವನ ಅಧಿಕಾರಕ್ಕೂ ಮಿತಿ ಹಾಕಿತು. ವರವಾಗಿ ಬಂದುದು ನಿಬಂಧನೆಯೊಡನೆ ಬಂತು. ನುಡಿ ತಪ್ಪಿದರೆ, ಬೇಡಿದವರಿಗೆ ಕೊಡದಿದ್ದರೆ ಅದು ಉಳಿಯದೆಂಬುದನ್ನು ಅವನು ತನ್ನ ಕೈಯಾರೆ ಊರಿನ ನಡುವೆ ಕಲ್ಲಿನಲ್ಲಿ ನಿಲ್ಲಿಸಿದನು. ದೇವಿದತ್ತ ರಾಜ್ಯದ ಐತಿಹ್ಯಗಳಿಗೆ ಚಾರಿತ್ರಿಕ ಬೆಲೆ ಬರುವುದು ಈ ಎರಡು ಅಲಗುಗಳಿಂದ. ದಡಿಗ, ಮಾಧವ, ಜಿನದತ್ತರು ನಿಜವಾಗಿ ಬದುಕಿದ್ದರೇ ಎಂಬ ಪ್ರಶ್ನೆಗಿಂತ, ಅರಸುತನಕ್ಕೆ ಮಿತಿಯುಂಟೆಂಬ ತಿಳಿವಳಿಕೆ ಒಂದು ಕಾಲದ ಜನಕ್ಕೆ ಯಾವ ರೂಪದಲ್ಲಿ ಲಭ್ಯವಾಗಿತ್ತೆಂಬ ಪ್ರಶ್ನೆಗೆ ಅವು ಹೆಚ್ಚು ಸಮರ್ಥವಾಗಿ ಉತ್ತರಿಸುತ್ತವೆ.

ಈ ದೃಷ್ಟಿಯಿಂದ ಆಗಬೇಕಾದ ಕೆಲಸ ಬಹಳವಿದೆ. ಗಂಗ, ಸಾಂತರ, ಹೊಯ್ಸಳ ಶಾಸನಗಳ ಉಗಮಕಥೆಗಳನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿ, ಪ್ರತಿಯೊಂದು ಪಾಠವೂ ಯಾವ ರಾಜಕೀಯ ಸಂದರ್ಭದಲ್ಲಿ ಬೆಳೆಯಿತೆಂಬುದನ್ನು ಗುರುತಿಸಬೇಕು. ಶಿವಮೊಗ್ಗ, ಭದ್ರಾವತಿ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಊರಮ್ಮ, ವನದೇವತೆ, ಚೌಡಿಯರನ್ನು ಕುರಿತು ಇಂದಿಗೂ ಬಳಕೆಯಲ್ಲಿರುವ ಮೌಖಿಕ ಐತಿಹ್ಯಗಳನ್ನು ಆ ಶಾಸನಪಾಠಗಳ ಪಕ್ಕದಲ್ಲಿಟ್ಟು ನೋಡಬೇಕು. ಲೊಕ್ಕಿಯ ಮರದಲ್ಲಿ ಪದ್ಮಾವತಿ ನೆಲೆಸುವ ಮೊದಲು ಅಲ್ಲಿ ಯಾರಿದ್ದರೆಂಬುದಕ್ಕೆ ಸುಳಿವು ಸಿಗುವುದಾದರೆ ಅದು ಆ ಮಾತಿನ ಪರಂಪರೆಯಲ್ಲಿಯೇ ಸಿಗಬೇಕು.